ಒಂದೇ ಥರದ ಎರಡು ಬಿಲ್ಲೆ

ನಾಯಿ ಕಾಲು ಕೊಡಲಿಲ್ಲ.

ಅಕ್ಕ ಅದರ ಮುಂದೆ ಮಂಡಿಯೂರಿ ಕೂತು ಆಗಲೇ ಹತ್ತು ನಿಮಿಷವಾಗಿತ್ತು. ಎಡಗೈಯಲ್ಲಿ ಮಣೆ, ಮಣೆಯ ಮೇಲೆ ಬೆರಳು ದಪ್ಪಕ್ಕೆ ಲಟ್ಟಿಸಿದ ಬಿಳಿಯ ಜೇಡಿಮಣ್ಣು. ಬಲಗೈ ಬೇಡುವವರ ಕೈಯ ಹಾಗೆ ಖಾಲಿ. ಕಂದು ಬಣ್ಣದ ಮುದಿ ನಾಯಿ ಅವಳ ಅಂಗೈ ಮೂಸಿತು, ಮಣ್ಣು ಮೂಸಿತು, ಆಮೇಲೆ ಮುಂಗಾಲುಗಳೆರಡನ್ನೂ ಎದೆಯಡಿಗೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿತು.

“ಗುಂಡಾ, ಕೈ ಕೊಡೋ,” ಎಂದ ಬೆಂಚಿನ ಮೇಲೆ ಕೂತಿದ್ದ ಗಂಡಸು. “ಮನೇಲಿ ಕೇಳದೇನೇ ಕೊಡ್ತಾನೆ, ಅಕ್ಕಾ.”

“ಮನೇಲಿ,” ಎಂದಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ನಿಂತಿದ್ದ ಅವನ ಹೆಂಡತಿ. 

ಮಣೆ ಹಿಡಿದು ಕೂತಿದ್ದವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರೂ. ತಂಗಿ ಹಾಗೆ ಕರೆಯುವುದನ್ನು ಕೇಳಿ ಬಂದವರಿಗೂ ಅದೇ ಬಾಯಿಗೆ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಕೆಲಸ ಮಾಡಿದವಳು. ಮೂಳೆ ಮುರಿದವರ ಕೈಕಾಲನ್ನು ನೆಟ್ಟಗೆ ಹಿಡಿಯುವುದು, ಪಟ್ಟಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಡಾಕ್ಟರ ಕೈಗೆ ಕೊಡುವುದು, ಅದು ಗಟ್ಟಿಯಾಗುವ ತನಕ ಹಿಡಿತ ಸಡಿಲಿಸದೆ ನಿಲ್ಲುವುದು. ನಿವೃತ್ತಿಯಾಗಿ ಮೂರು ತಿಂಗಳು ಸುಮ್ಮನೆ ಕೂತದ್ದೇ ತಡ, ತಂಗಿ ಮನೆಯ ಮುಂದಿನ ಕೋಣೆ ಖಾಲಿ ಮಾಡಿಸಿ ಈ ಕೆಲಸ ಹೂಡಿದ್ದಳು. ಎಳೆಗೂಸುಗಳ ಅಂಗೈ, ಅಂಗಾಲು; ಸಾಕಿದ ನಾಯಿ ಬೆಕ್ಕುಗಳ ಪಂಜ. ಮಣ್ಣಿನಲ್ಲಿ ಒತ್ತಿ, ದುಂಡಗೆ ಕತ್ತರಿಸಿ, ಒಣಗಿಸಿ, ಬಣ್ಣ ಹಚ್ಚಿ, ಮೇಲಿನ ತೂತಿಗೆ ರಿಬ್ಬನ್ ಪೋಣಿಸಿಕೊಟ್ಟರೆ ಜನ ಕಿಟಕಿಗೋ ಗೋಡೆಗೋ ತೂಗುಹಾಕಿಕೊಳ್ಳುತ್ತಿದ್ದರು. ತಂಗಿ ಅದಕ್ಕೆ ‘ನೆನಪಿನ ಬಿಲ್ಲೆ’ ಎಂದು ಹೆಸರಿಟ್ಟಿದ್ದಳು. ಅಕ್ಕ ಬರೀ ಬಿಲ್ಲೆ ಎನ್ನುತ್ತಿದ್ದಳು. ಮಾತೆಲ್ಲ ತಂಗಿಯದು, ಹಿಡಿಯುವುದೆಲ್ಲ ಅಕ್ಕನದು.

ಬೆಳಗಿನಿಂದ ಇದು ಮೂರನೆಯ ಮಗು. ಮೊದಲನೆಯದು ಅವಳ ಮೊಣಕೈ ಕಚ್ಚಿತ್ತು. ಎರಡನೆಯದು ಮಣ್ಣಿನ ಮೇಲೆಯೇ ಉಚ್ಚೆ ಹೊಯ್ದಿತ್ತು. ಅದರ ತಾಯಿ ನಕ್ಕಿದ್ದಳು, ತಂಗಿ ಇನ್ನೂ ಜೋರಾಗಿ ನಕ್ಕಿದ್ದಳು, ಅಕ್ಕ ಹೊಸ ಮಣ್ಣು ನಾದಿದ್ದಳು. ಎರಡು ತಿಂಗಳಿಂದ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ನಾದುವಾಗ ನೋವು ಮುಂಗೈಯಿಂದ ಹೊರಟು ಮೊಣಕೈವರೆಗೂ ಹರಿಯುತ್ತಿತ್ತು. ‘ಇನ್ನು ನನ್ನ ಕೈಲಾಗಲ್ಲ ಕಣೇ’ ಎಂಬ ಮಾತು ಹದಿನೈದು ದಿನಗಳಿಂದ ನಾಲಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ತಂಗಿಯ ಎದುರು ಮಾತಿಗೆ ಜಾಗ ಸಿಗುವುದೇ ಕಷ್ಟ.

ತಂಗಿ ಪುಸ್ತಕ, ಪೆನ್ನು ಹಿಡಿದು ಒಳಗಿನಿಂದ ಬಂದಳು. “ಒಂದು ಬಿಲ್ಲೆನೋ, ಎರಡೋ?”

“ಎರಡು,” ಎಂದರು ಗಂಡ ಹೆಂಡತಿ ಒಟ್ಟಿಗೆ.

“ಮಗು, ನಾಯಿ ಎರಡೂ ಒಂದೇ ಬಿಲ್ಲೆಯಲ್ಲಿ ಇರಬೇಕು. ಆ ಥರದ್ದು ಎರಡು,” ಎಂದ ಗಂಡ.

“ಒಂದೇ ಥರ ಇರಬೇಕು,” ಎಂದಳು ಹೆಂಡತಿ.

“ಗೊತ್ತಾಯ್ತು ಬಿಡಿ! ಒಂದು ಅವರಮ್ಮನ ಮನೆಗೆ, ಒಂದು ಇವರಮ್ಮನ ಮನೆಗೆ. ಒಂದೇ ಕೊಟ್ರೆ ಬೀಗರಿಬ್ಬರೂ ಜುಟ್ಟು ಹಿಡ್ಕೊಂಡು ಬಡಿದಾಡ್ತಾರೆ,” ಎಂದು ತಂಗಿ ತಾನೇ ನಕ್ಕಳು. “ಒಣಗೋಕೆ ವಾರ ಬೇಕು. ಅಂಚೆಯಲ್ಲಿ ಕಳಿಸ್ತೀವಿ. ವಿಳಾಸ ಹೇಳಿ.”

ಗಂಡ ಒಂದು ವಿಳಾಸ ಹೇಳಿದ. ಬೇರೆ ಊರು, ಆರು ಗಂಟೆಯ ದಾರಿ. ತಂಗಿ ಬರೆದುಕೊಂಡಳು. ಅವನು ನಿಲ್ಲಿಸಿದ ಮೇಲೆ ಹೆಂಡತಿ ಇನ್ನೊಂದು ಹೇಳಿದಳು. ಇದೇ ಊರು, ರೈಲು ಹಳಿಯ ಆಚೆಯ ಬೀದಿ, ಎರಡನೇ ಮಹಡಿ, ಹಿಂದಿನ ಮನೆ.

“ನೀವಿರೋದು ಯಾವುದರಲ್ಲಿ?” ಎಂದು ಕೇಳಿದ ತಂಗಿ, ಕೇಳುತ್ತಲೇ ಪೆನ್ನು ನಿಲ್ಲಿಸಿದಳು.

“ಒಂದೊಂದು ಒಂದೊಂದಕ್ಕೆ,” ಎಂದಳು ಹೆಂಡತಿ. ಬ್ಯಾಂಕಿನ ಗುಮಾಸ್ತರಿಗೆ ಹೇಳುವಂತೆ ನಿಧಾನವಾಗಿ, ಸ್ಪಷ್ಟವಾಗಿ. “ಗುಂಡ ಇವತ್ತು ಅವರ ಜೊತೆ ಹೋಗ್ತಾನೆ. ಪಾಪು ನನ್ನ ಜೊತೆ.”

ಅಕ್ಕ ಆಗ ಕಿಟಕಿಯಾಚೆ ನೋಡಿದಳು. ರಸ್ತೆಯಲ್ಲಿ ಒಂದು ಸಣ್ಣ ಟೆಂಪೋ ನಿಂತಿತ್ತು. ಸುತ್ತಿ ಕಟ್ಟಿದ ಹಾಸಿಗೆ, ಮೇಜಿನ ಫ್ಯಾನು, ಪುಸ್ತಕದ ಪೆಟ್ಟಿಗೆಗಳು, ಎಲ್ಲದರ ಮೇಲೆ ಚಕ್ರ ಮೇಲಾಗಿ ಒರಗಿಸಿದ ಸೈಕಲ್ಲು. ಚಾಲಕ ಸ್ಟೀರಿಂಗಿನ ಮೇಲೆ ಪೇಪರು ಹರಡಿಕೊಂಡು ಓದುತ್ತಿದ್ದ. ಹುಟ್ಟಿದಾಗಿನಿಂದ ಮಾತಿಗೆ ಬಡತನ ಕಾಣದ ತಂಗಿ “ಟೀ ಇಡ್ತೀನಿ” ಎಂದು ಒಳಗೆ ಹೋಗಿಬಿಟ್ಟಳು.

“ಮಗೂನ ಕೆಳಗೆ ಬಿಡಿ,” ಎಂದಳು ಅಕ್ಕ.

ಎಂಟು ತಿಂಗಳ ಹೆಣ್ಣುಮಗು. ನೆಲ ಸಿಕ್ಕಿದ್ದೇ ತಡ ಅಂಬೆಗಾಲಿಕ್ಕಿ ನೇರವಾಗಿ ನಾಯಿಯ ಕಡೆ ಹೋಯಿತು. ಗುಂಡ ಗೋಡೆಯಿಂದ ಮುಖ ತಿರುಗಿಸಿ, ಮಡಚಿದ್ದ ಕಾಲುಗಳನ್ನು ತಾನಾಗಿಯೇ ಮುಂದೆ ಚಾಚಿ, ಮಗುವಿಗೆ ಪಕ್ಕೆ ಕೊಟ್ಟು ಮಲಗಿತು. ಮಗು ಅದರ ಹೊಟ್ಟೆಗೆ ಬೆನ್ನು ಆನಿಸಿ ಕೂತು ಕಾಲು ಚಾಚಿತು. ಅವೆರಡಕ್ಕೂ ಅದು ನಿತ್ಯದ ಭಂಗಿ ಎಂದು ನೋಡಿದವರಿಗೆ ತಿಳಿಯುವಂತಿತ್ತು. ಅಕ್ಕ ಮಣೆಯನ್ನು ಜಾರಿಸಿ ಹಿಡಿದಳು. ಪುಟ್ಟ ಪಾದ ಒತ್ತಿದಳು, ಪಕ್ಕದಲ್ಲೇ ಪಂಜ ಒತ್ತಿದಳು, ಎತ್ತಿದಳು.

ಅಷ್ಟು ಚೆನ್ನಾದ ಅಚ್ಚು ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಐದು ಬೆರಳೂ ಬಟಾಣಿ ಸಾಲಿನ ಹಾಗೆ. ಅಂಗಾಲಿನ ಗೆರೆಗಳು, ಹಿಮ್ಮಡಿಯ ಸುಕ್ಕು. ಹಿಮ್ಮಡಿಗೆ ತಾಗಿಯೂ ತಾಗದ ಹಾಗೆ ನಾಯಿಯ ಪಂಜ; ಅದರ ಬೆರಳ ಸಂದಿಯ ಕೂದಲು ಕೂಡ ಮಣ್ಣಿನ ಮೇಲೆ ಎಳೆಎಳೆಯಾಗಿ ಬಿದ್ದಿತ್ತು. ಗಂಡ ಬೆಂಚಿನಿಂದೆದ್ದು ಬಗ್ಗಿ ನೋಡಿದ. ಹೆಂಡತಿಯೂ ಬಗ್ಗಿದಳು. ಇಬ್ಬರ ತಲೆಗಳೂ ಹತ್ತಿರ ಬಂದವು. ಕೂಡಲೇ ಇಬ್ಬರೂ ಹಿಂದೆ ಸರಿದರು.

ಎರಡನೆಯದು ಹಾಗೆ ಬರಲಿಲ್ಲ. ಅಷ್ಟರಲ್ಲಿ ಮಗುವಿಗೆ ಹಸಿವಾಗಿತ್ತು. ಒತ್ತುವಾಗ ಕಾಲು ಒದ್ದು ಬೆರಳುಗಳು ಮಣ್ಣಿನಲ್ಲಿ ಜಾರಿದವು. ಗುಂಡ ಮಗುವಿನ ಅಳುವಿಗೆ ಗಾಬರಿಯಾಗಿ ಪಂಜವನ್ನು ಓರೆಯಾಗಿ ಊರಿತು. ಅಕ್ಕ ಎರಡು ಬಿಲ್ಲೆಗಳನ್ನೂ ಕಿಟಕಿಯ ಕೆಳಗಿನ ಹಲಗೆಯ ಮೇಲಿಟ್ಟಳು. ಯಾವುದು ಯಾವುದೆಂದು ಕುರುಡರೂ ಹೇಳಬಹುದಿತ್ತು.

ಹಾಲು ಬಿಸಿ ಮಾಡಲು ಹೆಂಡತಿ ಮಗುವನ್ನೆತ್ತಿಕೊಂಡು ಅಡುಗೆಮನೆಗೆ ಬಂದಳು. ಅಕ್ಕ ಅಲ್ಲಿ ಕೈ ತೊಳೆಯುತ್ತಿದ್ದಳು. ತಂಗಿ ಹಿತ್ತಲಿನಲ್ಲಿ ಯಾರ ಜೊತೆಗೋ ಫೋನಿನಲ್ಲಿದ್ದಳು.

“ಅಕ್ಕಾ, ಒಂದು ಮಾತು. ಮೊದಲು ಬಂತಲ್ಲ, ಅದನ್ನ ನನ್ನ ವಿಳಾಸಕ್ಕೆ ಕಳಿಸ್ತೀರಾ?”

ಅಕ್ಕ ನಲ್ಲಿ ನಿಲ್ಲಿಸಿದಳು.

“ಗುಂಡ ನನ್ನ ನಾಯಿ. ಮದುವೆಗೆ ಮುಂಚೆಯಿಂದ. ಮೋರಿಯಲ್ಲಿ ಬಿದ್ದಿದ್ದ, ಅಂಗೈಯಷ್ಟಿದ್ದ. ಈಗ ನನಗೆ ಸಿಕ್ಕಿರೋ ಮನೆಯವರು ನಾಯಿ ಬೇಡ ಅಂದ್ರು. ಹನ್ನೊಂದು ಮನೆ ನೋಡಿದೆ ಅಕ್ಕಾ. ಮಗು ಅಂದ್ರೆ ಸರಿ ಅಂತಾರೆ, ನಾಯಿ ಅಂದ್ರೆ ಇಲ್ಲ ಅಂತಾರೆ. ಕೆಲವರು ಎರಡಕ್ಕೂ ಇಲ್ಲ ಅಂದ್ರು.” ಪಾತ್ರೆಯ ಅಂಚಿನಲ್ಲಿ ಹಾಲು ಗುಳ್ಳೆಯೇಳುತ್ತಿದ್ದುದನ್ನು ಅವಳು ನೋಡುತ್ತಿದ್ದಳು. “ಪಾಪು ಅಪ್ಪ ಕೆಟ್ಟವರು ಅಂತಲ್ಲ. ಆದ್ರೆ ಯಾವುದನ್ನೂ ಜೋಪಾನ ಮಾಡಲ್ಲ. ಯಾವುದೋ ಡಬ್ಬದಲ್ಲಿ ಹಾಕಿ ಮರೆತುಬಿಡ್ತಾರೆ. ಮದುವೆ ಉಂಗುರಾನೇ ಎರಡು ಸಲ ಕಳೆದಿದ್ದಾರೆ.”

“ನೋಡೋಣ,” ಎಂದಳು ಅಕ್ಕ.

ಮಣ್ಣಿನ ನೀರು ಚೆಲ್ಲಲು ಅಂಗಳಕ್ಕೆ ಹೋದರೆ ಅಲ್ಲಿ ಗಂಡ ನಿಂತಿದ್ದ, ಕೈಯಲ್ಲಿ ಹಗ್ಗ. ಗುಂಡ ಬೇಲಿಯ ಬುಡವನ್ನು ಮೂಸುತ್ತ, ಹಿಂಗಾಲು ಎಳೆಯುತ್ತ ತಿರುಗುತ್ತಿತ್ತು.

“ನಿಮ್ಮನ್ನೇ ಕಾಯ್ತಿದ್ದೆ,” ಎಂದ. ಧ್ವನಿ ತಗ್ಗಿಸಿದ. “ಆ ಚೆನ್ನಾಗಿರೋದು ನನಗೆ ಬೇಕಿತ್ತು ಅಕ್ಕಾ. ಅವಳ ಹತ್ತಿರ ಮಗುವೇ ಇರುತ್ತೆ. ಆ ಪಾದಾನ ದಿನಾ ತೊಳೀತಾಳೆ, ದಿನಾ ಒರೆಸ್ತಾಳೆ. ಇನ್ಮೇಲೆ ನಾನು ನೋಡೋದು ತಿಂಗಳಿಗೆ ಎರಡು ಸಲ. ಪ್ರತಿ ಸಲ ಹೋದಾಗಲೂ ಪಾದ ಬೆಳೆದಿರುತ್ತೆ.” ಅಡುಗೆಮನೆಯ ಕಡೆ ನೋಡಿ, “ಅವಳಿಗೆ ಹೇಳಬೇಡಿ,” ಎಂದ.

“ನೋಡೋಣ,” ಎಂದಳು ಅಕ್ಕ ಮತ್ತೆ.

ಇಬ್ಬರ ಮಾತೂ ನ್ಯಾಯವಾಗಿಯೇ ಇತ್ತು. ಅದೇ ಅವಳಿಗೆ ಸುಸ್ತು ತಂದದ್ದು. ಒಬ್ಬರಾದರೂ ಸುಳ್ಳು ಹೇಳಿದ್ದರೆ ಕೆಲಸ ಹಗುರವಾಗುತ್ತಿತ್ತು. ಆಸ್ಪತ್ರೆಯಲ್ಲಿ ಹೀಗೆ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ‘ಹಿಡೀರಿ’ ಎಂದರೆ ಹಿಡಿಯುವುದು, ‘ಬಿಡಿ’ ಎಂದರೆ ಬಿಡುವುದು. ಅವಳದೇ ಸಂಸಾರ ಹದಿನಾಲ್ಕು ತಿಂಗಳಿಗೆ ಮುರಿದಾಗಲೂ ಯಾರಿಗೂ ಏನನ್ನೂ ನಿರ್ಧರಿಸುವ ಕಷ್ಟ ಬಂದಿರಲಿಲ್ಲ. ಒಂದು ಚೀಲ ಬಟ್ಟೆಯ ಜೊತೆ ಹೊರಟುಬಂದಿದ್ದಳು. ಹಂಚಿಕೊಳ್ಳಲು ಒಂದು ಬೆಕ್ಕೂ ಇರಲಿಲ್ಲ.

ಅವಳು ಕೋಣೆಗೆ ಬಂದು ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಬಿಸಿಲು ಮೊದಲ ಬಿಲ್ಲೆಯ ಮೇಲೆ ಓರೆಯಾಗಿ ಬಿದ್ದು ಪ್ರತಿ ಗೆರೆಯೂ ಎದ್ದು ಕಾಣುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ನಾದುವ ಕಲ್ಲಿನ ಮೇಲಿಟ್ಟಳು. ಹಿಮ್ಮಡಿಯನ್ನು ಬೆರಳುಗಳ ಮೇಲೆ ಮಡಚಿ, ಊದಿದ ಹೆಬ್ಬೆರಳನ್ನು ಆಚೆ ಇಟ್ಟು, ಅಂಗೈಯ ಬುಡದಿಂದ ಒತ್ತಿದಳು.

“ಅಕ್ಕಾ!” ತಂಗಿ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಏನ್ ಮಾಡ್ತಿದೀಯಾ! ಅಷ್ಟು ಚೆನ್ನಾಗಿ ಬಂದಿತ್ತಲ್ಲೇ! ನಾನಿನ್ನೂ ಫೋಟೋ ಕೂಡ ತೆಗೆದಿರಲಿಲ್ಲ!”

ಆ ಕೂಗಿಗೆ ಗಂಡ ಅಂಗಳದಿಂದ, ಹೆಂಡತಿ ಅಡುಗೆಮನೆಯಿಂದ ಬಂದರು.

“ಒಳಗೆ ಗಾಳಿ ಗುಳ್ಳೆ ಇತ್ತು,” ಎಂದಳು ಅಕ್ಕ, ತಲೆ ಎತ್ತದೆ. ಎರಡನೆಯ ಬಿಲ್ಲೆಯನ್ನೂ ಎಳೆದುಕೊಂಡು ಅದರ ಜೊತೆ ಸೇರಿಸಿದಳು. “ಒಣಗಿದ ಮೇಲೆ ಬಿರುಕು ಬಿಡ್ತಿತ್ತು. ಎರಡೂ ಇನ್ನೊಂದು ಸಲ ಮಾಡಬೇಕು. ಮಗು ಮಲಗಲಿ.”

ಗುಳ್ಳೆ ಇರಲಿಲ್ಲ. ಅವಳು ನಾದಿದ ಮಣ್ಣಿನಲ್ಲಿ ಗುಳ್ಳೆ ಇರುವುದಿಲ್ಲವೆಂದು ತಂಗಿಗೆ ಗೊತ್ತಿತ್ತು. ಗಂಡ ಹೆಂಡತಿ ಕಲ್ಲಿನ ಮೇಲಿನ ಉಂಡೆಯನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಮುಖದಲ್ಲೂ ಕದ್ದು ಸಿಕ್ಕಿಬಿದ್ದವರ ಕೆಂಪು ಹಾದುಹೋಯಿತು. ಹೊರಗೆ ಚಾಲಕ ಒಂದು ಸಲ ಹಾರ್ನ್ ಒತ್ತಿದ.

“ಎಷ್ಟು ಹೊತ್ತಾಗುತ್ತೆ?” ಎಂದ ಗಂಡ.

“ಮಗು ಮಲಗೋಷ್ಟು ಹೊತ್ತು.”

ಅವನು ಹೊರಗೆ ಹೋಗಿ ಚಾಲಕನ ಹತ್ತಿರ ಏನೋ ಹೇಳಿ ಬಂದ.

ಹಾಲು ಕುಡಿದ ಮಗುವಿಗೆ ಚಾಪೆ ಹಾಸಿದರು. ಅದು ಚಾಪೆ ಬಿಟ್ಟು ಉರುಳಿ ಗುಂಡನ ಪಕ್ಕೆಗೆ ಸೇರಿಕೊಂಡು, ಅದರ ಕಿವಿಯನ್ನು ಒಂದು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿತು. ಆ ಹೊತ್ತಿಗೆ ಮುಂದಿನ ಸರದಿಯವರು ಬಂದುಬಿಟ್ಟಿದ್ದರು: ಒಬ್ಬ ನಿವೃತ್ತ ಮೇಷ್ಟ್ರು, ಕೈಯಲ್ಲಿ ಪ್ಲಾಸ್ಟಿಕ್ ಟಬ್ಬು, ಟಬ್ಬಿನಲ್ಲಿ ಆಮೆ. ತಂಗಿ ಅವರನ್ನು ಬಾಗಿಲಲ್ಲೇ ತಡೆದು ಕೈ ಹಿಸುಕಿಕೊಂಡಳು. “ಸಾರ್, ತಪ್ಪು ತಿಳ್ಕೋಬೇಡಿ, ಸ್ವಲ್ಪ ತಡ ಆಗ್ತಿದೆ.”

“ಆಗಲಿ ತಾಯಿ. ನಾನು ಪಿಂಚಣಿಯವನು, ಇದು ಆಮೆ,” ಎಂದರು ಮೇಷ್ಟ್ರು. “ಅವಸರ ನಮ್ಮಿಬ್ಬರ ಜಾತಕದಲ್ಲೇ ಇಲ್ಲ.”

ಅವರು ಬೆಂಚಿನ ಮೇಲೆ ಕೂತರು, ಟಬ್ಬನ್ನು ಪಕ್ಕದಲ್ಲಿಟ್ಟುಕೊಂಡರು. ಬೆಂಚು ತುಂಬಿತು. ಗಂಡ ಹೆಂಡತಿ ಬೇರೆ ಜಾಗವಿಲ್ಲದೆ ನೆಲದ ಮೇಲೆ, ಗೋಡೆಗೆ ಒರಗಿ, ನಡುವೆ ಒಂದು ಮೊಳ ಬಿಟ್ಟು ಕೂತರು. ನಾಯಿಯ ಗೊರಕೆ, ಮಗುವಿನ ಉಸಿರು, ಆಗಾಗ ಟಬ್ಬಿನಲ್ಲಿ ಆಮೆಯ ಉಗುರಿನ ಸದ್ದು. ಕೊನೆಗೆ ಹೆಂಡತಿ, ಮಗುವನ್ನೇ ನೋಡುತ್ತ, “ರಾತ್ರಿ ಎಡಗಡೆ ಹಿಂಗಾಲಿಗೆ ಎಣ್ಣೆ ಹಚ್ಚಬೇಕು ಅವನಿಗೆ. ಇಲ್ಲಾಂದ್ರೆ ಬೆಳಿಗ್ಗೆ ಏಳೋಕಾಗಲ್ಲ,” ಎಂದಳು. ಗಂಡ “ಗೊತ್ತು” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಯಾವ ಎಣ್ಣೆ?” ಎಂದು ಕೇಳಿದ. ಅವಳು ಹೇಳಿದಳು. ಅವನು ಫೋನು ತೆಗೆದು ಬರೆದುಕೊಂಡ.

ಅಡುಗೆಮನೆಯಲ್ಲಿ ತಂಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು. ಅಕ್ಕ ಸ್ಟೂಲಿನ ಮೇಲೆ ಕೂತು ಬಲಗೈಯನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದಳು. ತಂಗಿ ತಿರುಗಿ ಬೈಯಲು ಬಾಯಿ ತೆರೆದವಳು ಆ ಕೈಯನ್ನು ನೋಡಿ ಹತ್ತಿರ ಬಂದಳು.

“ಎಷ್ಟು ದಿನದಿಂದ ಹೀಗಿದೆ?”

“ಎರಡು ತಿಂಗಳು.”

“ಎರಡು ತಿಂಗಳು! ಬಾಯಲ್ಲೇನು ಮಣ್ಣು ತುಂಬ್ಕೊಂಡಿದ್ಯಾ? ಹೇಳೋಕೇನಾಗಿತ್ತು?”

“ನಿನ್ನ ಮಾತಿನ ಮಧ್ಯೆ ಸಂದಿ ಹುಡುಕ್ತಿದ್ದೆ,” ಎಂದಳು ಅಕ್ಕ.

ತಂಗಿಗೆ ನಗು ಬರಲಿಲ್ಲ. ಬೋಗುಣಿಯಲ್ಲಿ ಬಿಸಿನೀರು ತಂದು, ಉಪ್ಪು ಹಾಕಿ, ಅಕ್ಕನ ಕೈಯನ್ನು ತಾನೇ ಅದರಲ್ಲಿ ಮುಳುಗಿಸಿ ಹಿಡಿದಳು. ಉಗುರಿನ ಸುತ್ತ ಕಟ್ಟಿದ್ದ ಮಣ್ಣು ನೀರಿನಲ್ಲಿ ಬಿಳಿಯಾಗಿ ಬಿಟ್ಟುಕೊಂಡಿತು.

“ಮೇಷ್ಟ್ರದ್ದು ಮುಗಿಸಿ ಈ ವಾರ ಯಾರಿಗೂ ಬರಬೇಡಿ ಅಂತೀನಿ.”

“ಆಮೇಲೆ?”

“ಆಮೇಲಿಂದು ಆಮೇಲೆ. ನೀನು ಹೇಳಿಕೊಡು, ನಾನು ಹಿಡೀತೀನಿ.”

“ನೀನು ಹಿಡಿದ್ರೆ ಮಕ್ಕಳಿಗೆ ಮಾತು ಬಂದ್ಬಿಡುತ್ತೆ ಕಣೇ,” ಎಂದಳು ಅಕ್ಕ. ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮಗುವಿನ ನಿದ್ದೆ ಗಟ್ಟಿಯಾದ ಮೇಲೆ ಅಕ್ಕ ಎರಡು ಮಣೆಗಳ ಮೇಲೆ ಒಂದೇ ದಪ್ಪಕ್ಕೆ ಮಣ್ಣು ಲಟ್ಟಿಸಿ ತಂದಳು. ಈ ಸಲ ಅವಳ ಹೆಬ್ಬೆರಳಿನಲ್ಲಿ ಒತ್ತುವ ಶಕ್ತಿ ಇರಲಿಲ್ಲ. “ನೀವು ಮಗುವಿನ ಕಾಲು ಹಿಡೀರಿ,” ಎಂದು ಗಂಡನಿಗೆ ಹೇಳಿ, ಹೆಂಡತಿಯ ಕಡೆ ತಿರುಗಿ “ನೀವು ನಾಯೀದು,” ಎಂದಳು. ಇಬ್ಬರೂ ಮಂಡಿಯೂರಿ ಎದುರುಬದುರು ಬಂದರು. ನಡುವೆ ಮಲಗಿದ್ದ ಜೀವಗಳೆರಡು, ಅವುಗಳ ಕಾಲ ಬುಡದಲ್ಲಿ ಮಣೆ ಹಿಡಿದ ಅಕ್ಕ.

“ನಿಧಾನ. ಹಿಮ್ಮಡಿ ಮೊದಲು. ಈಗ ಬೆರಳು. ಸಾಕು, ಎತ್ತಿ. ಈಗ ನೀವು. ಭಾರ ಹಾಕಬೇಡಿ, ಅವನದೇ ಭಾರ ಸಾಕು. ಹಾಂ. ಇನ್ನೊಂದು.”

ಎರಡೂ ಒಂದೇ ಥರ ಬಂದವು. ಮೊದಲಿನದರ ಹತ್ತಿರಕ್ಕೂ ಬರುವಂಥವಲ್ಲ. ಗೆರೆಗಳು ಮಸುಕು, ಪಂಜ ಕೊಂಚ ಆಳ. ಗಂಡ ಬಹಳ ಹೊತ್ತು ನೋಡಿದ.

“ಕಿರುಬೆರಳು ಬಂದಿಲ್ಲ,” ಎಂದ.

“ಎರಡರಲ್ಲೂ ಬಂದಿಲ್ಲ,” ಎಂದಳು ಹೆಂಡತಿ.

“ಇನ್ನೊಂದು ಸಲ ಮಾಡೋಣ್ವಾ?” ಎಂದಳು ಅಕ್ಕ. ಇಬ್ಬರೂ ಬೇಡ ಎಂದು ತಲೆಯಾಡಿಸಿದರು.

ಹೊರಗೆ ಚಾಲಕ ಮತ್ತೆ ಹಾರ್ನ್ ಒತ್ತಿದ, ಈ ಸಲ ಉದ್ದಕ್ಕೆ. ಗಂಡ ಎದ್ದು ಗುಂಡನ ಕೊರಳಿಗೆ ಹಗ್ಗ ಸಿಕ್ಕಿಸಿದ. ನಾಯಿ ಎದ್ದು ನಿಲ್ಲಲು ನೋಡಿತು, ನಿಲ್ಲಲಿಲ್ಲ. ನಿದ್ದೆಯಲ್ಲಿದ್ದ ಮಗುವಿನ ಮುಷ್ಟಿ ಅದರ ಕಿವಿಯ ಬುಡದ ಕೂದಲನ್ನು ಬಿಗಿಯಾಗಿ ಹಿಡಿದಿತ್ತು. ಗಂಡ ಬೆರಳು ಬಿಡಿಸಲು ಹೋದ, ಮುಷ್ಟಿ ಇನ್ನೂ ಬಿಗಿಯಾಯಿತು. ಹೆಂಡತಿ ಹೆಬ್ಬೆರಳು ಎತ್ತಿದಳು. ಅದು ಮತ್ತೆ ಮುಚ್ಚಿಕೊಂಡಿತು. ಗುಂಡ ನೋವು ತಡೆದುಕೊಂಡು, ತಲೆಯನ್ನು ಮಗುವಿನ ಕಡೆಗೆ ಓರೆ ಮಾಡಿ ಹಿಡಿದು, ಅಲ್ಲಾಡದೆ ಇತ್ತು.

“ನೀವೇ ಬಿಡಿಸಿ, ಅಕ್ಕಾ,” ಎಂದಳು ಹೆಂಡತಿ. ಬೆಳಗಿನಿಂದ ಬಿಗಿಹಿಡಿದಿದ್ದ ಅವಳ ಧ್ವನಿ ಅಲ್ಲಿ ಒಡೆಯಿತು.

ಎಳೆಗೂಸಿನ ಮುಷ್ಟಿಯನ್ನು ಬೆರಳಿನಿಂದ ಬಿಡಿಸಬಾರದು. ಮಣಿಕಟ್ಟಿನಿಂದ ಗೆಣ್ಣಿನವರೆಗೆ ಮುಂಗೈಯನ್ನು ಹಗುರವಾಗಿ ಸವರಿದರೆ ಅದು ಹೂವಿನಂತೆ ತಾನೇ ತೆರೆದುಕೊಳ್ಳುತ್ತದೆ. ಅಕ್ಕನಿಗೆ ಅದು ಕ್ಷಣದ ಕೆಲಸ. ಸಾವಿರ ಸಲ ಮಾಡಿದ್ದಳು. ಕೈ ಮುಂದೆ ಚಾಚಿದಳು. ಚಾಚಿದ ಕೈಯನ್ನು ನಾಯಿಯ ಬೆನ್ನ ಮೇಲಿಟ್ಟಳು.

“ಒಂದು ಗಳಿಗೆ ಇರಲಿ,” ಎಂದಳು.

ಚಾಲಕ ಮತ್ತೆ ಹಾರ್ನ್ ಒತ್ತಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳುವುದನ್ನು ಮರೆತು ಕೂತಿದ್ದರು. ಗಂಡ ಹಗ್ಗವನ್ನು ಸಡಿಲ ಬಿಟ್ಟು ಮತ್ತೆ ನೆಲದ ಮೇಲೆ ಕೂತ. ಎಷ್ಟು ಹೊತ್ತು ಹಾಗೆ ಕಳೆಯಿತೋ, ಆಮೇಲೆ ಅಕ್ಕ ಮಗುವಿನ ಮುಂಗೈಯನ್ನು ಒಮ್ಮೆ ಸವರಿದಳು. ಬೆರಳುಗಳು ಬಿಚ್ಚಿಕೊಂಡವು.

ಗುಂಡನನ್ನು ಗಂಡ ಎರಡೂ ಕೈಯಲ್ಲಿ ಎತ್ತಿಕೊಂಡೇ ಹೋಗಬೇಕಾಯಿತು. ಬಾಗಿಲಲ್ಲಿ ಅವನು ಏನೋ ಹೇಳಲು ತಿರುಗಿದ. ನಾಯಿಯ ತಲೆ ಅವನ ಬಾಯಿಗೆ ಅಡ್ಡವಾಗಿತ್ತು, ಹಾಗೆಯೇ ಮೆಟ್ಟಿಲಿಳಿದ. ಚಾಲಕ ಇಳಿದು ಬಂದು ಮುಂದಿನ ಬಾಗಿಲು ತೆರೆದುಕೊಟ್ಟ. ಟೆಂಪೋ ಹೊರಟಿತು.

ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಆಟೋ ಕರೆಸಲೇ ಎಂದು ತಂಗಿ ಕೇಳಿದಳು. “ಸ್ವಲ್ಪ ಹೊತ್ತು ಬಿಟ್ಟು,” ಎಂದಳು ಅವಳು. ಅಕ್ಕ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವಳ ಪಕ್ಕದಲ್ಲಿಟ್ಟು, ಅಲ್ಲೇ ಬಾಗಿಲಿಗೆ ಒರಗಿ ನಿಂತಳು. ಮಗುವಿನ ಹಳದಿ ಫ್ರಾಕಿನ ಬೆನ್ನ ತುಂಬ ಕಂದು ಕೂದಲು ಅಂಟಿತ್ತು. ತಾಯಿ ಅಭ್ಯಾಸದಂತೆ ಅವನ್ನು ಒಂದೊಂದಾಗಿ ಹೆಕ್ಕಿ ತೆಗೆಯತೊಡಗಿದಳು. ಒಂದು, ಎರಡು, ಮೂರು. ಆಮೇಲೆ ಅವಳ ಕೈ ನಿಂತಿತು.